ಗೆಜ್ಜೆ ತೊಳೆದ ಟೀಚರಮ್ಮ

ನನ್ನ ಮೊಮ್ಮಗನ ಮದುವೆಯಾಯಿತು! ಇವತ್ತು ಬೆಳಿಗ್ಗೆ, ಕೊವೆಂಟ್ರಿಯ ಕೌನ್ಸಿಲ್ ಆಫೀಸಿನಲ್ಲಿ, ನನ್ನ ಕಣ್ಣೆದುರಿಗೇ ಆಯಿತು. ನಮ್ಮವನೂ ಹುಡುಗ, ಅವನು ಕೈ ಹಿಡಿದದ್ದೂ ಹುಡುಗನನ್ನೇ. ಇಲ್ಲಿನ ಇಂಗ್ಲಿಷಿನವರ ಕಾನೂನು ಇದನ್ನು ಇನ್ನೂ ಮದುವೆ ಅನ್ನುವುದಿಲ್ಲವಂತೆ, ಬೇರೆ ಏನೋ ಉದ್ದದ ಹೆಸರಿದೆಯಂತೆ. ಮಗಳು ಕಾರಿನಲ್ಲಿ ಬಿಡಿಸಿ ಹೇಳಿದಳು, ನನಗೆ ನಾಲಿಗೆ ಹೊರಳಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಬ್ಬರು ಹತ್ತು ಜನರೆದುರು ನಿಂತು ಕೊನೆಯವರೆಗೆ ನಿನ್ನ ಜೊತೆಗಿರುತ್ತೇನೆ ಅಂತ ಹೇಳಿದರೆ ನನ್ನ ಲೆಕ್ಕದಲ್ಲಿ ಅದು ಮದುವೆ. ಅಕ್ಷತೆ ಹಾಕಬಹುದೇ ಎಂದು ಮಗಳ ಕೈಲಿ ಕೇಳಿಸಿದೆ. ಆಫೀಸಿನ ಹೆಂಗಸು, ಒಳಗೆ ಬೇಡ, ಬಾಗಿಲಾಚೆ ಹಾಕಿಕೊಳ್ಳಿ ಅಂದಳು. ಹಾಕಿದೆ, ಮುಷ್ಟಿ ಮುಷ್ಟಿ ಹಾಕಿದೆ. ಇಬ್ಬರ ತಲೆಗೂದಲಲ್ಲಿ ಅರಿಶಿನದ ಅಕ್ಕಿ ಸಿಕ್ಕಿಕೊಂಡು ಹೊಳೆಯುತ್ತಿತ್ತು. ನನಗೆ ಅಳು, ನಗು, ಎಲ್ಲ ಒಟ್ಟಿಗೇ ಬಂತು.

ಆ ಸಂತೋಷದ ನಡುವೆಯೇ ಒಂದು ವಾಸನೆ ಮೂಗಿಗೆ ಅಡರಿತು. ಅಲ್ಲಿನ ಕಾರಿಡಾರನ್ನು ಯಾರೋ ಆಗತಾನೇ ಬ್ಲೀಚ್ ಹಾಕಿ ಒರೆಸಿದ್ದರು. ಗೋಡೆ ಹಿಡಿದು ನಿಂತೆ.

"ಯಾಕಮ್ಮಾ, ಬಿಪಿ ಏನಾದ್ರೂ ಏರ್ತಾ?" ಅಂದಳು ಮಗಳು.

ಬಿಪಿಯಲ್ಲ. ಆ ಟೀಚರಮ್ಮ ನೆನಪಾಗಿದ್ದಳು.

ಆಕೆ ಹೋದ ಚಳಿಗಾಲದಲ್ಲಿ ತೀರಿಕೊಂಡಳಂತೆ, ಸಟನ್ ಕೋಲ್ಡ್‌ಫೀಲ್ಡಿನ ತನ್ನ ದೊಡ್ಡ ಮನೆಯಲ್ಲಿ. ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡೋಣವೆಂದರೆ ನಮ್ಮ ಕನ್ನಡದವರೆಲ್ಲ ಸಾಲುಗಟ್ಟಿ ಆಕೆಯ ಕಾಲು ಮುಟ್ಟುತ್ತಿದ್ದರು. ಇನ್ನು ಯಾವಾಗ ಆಡುವುದು?

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಿದ್ದಳು. ಅಳಿಯ ಕಾರು ಕಾರ್ಖಾನೆಯಲ್ಲಿ ಎಂಜಿನಿಯರು. ಮೊಮ್ಮಗ ಬರ್ಮಿಂಗ್‌ಹ್ಯಾಮಿನ ಕಲಾಶಾಲೆಗೆ ರೈಲಿನಲ್ಲಿ ಹೋಗಿಬರುತ್ತಿದ್ದ. ಅದೆಂಥ ಶಾಲೆ ಅನ್ನುತ್ತೀರಿ... ಸೇರಬೇಕಾದರೂ ಕುಣಿದು ತೋರಿಸಬೇಕು, ಸೇರಿದ ಮೇಲೂ ಟರ್ಮಿಗೊಮ್ಮೆ ಕುಣಿದು ತೋರಿಸಬೇಕು, ಕಾಲು ಸೋತವರನ್ನು ಮನೆಗೆ ಕಳಿಸುತ್ತಿದ್ದರು. ಅಲ್ಲಿ ಇಂಗ್ಲಿಷಿನವರ ಕುಣಿತದ ಜೊತೆಗೆ ನಮ್ಮ ಭರತನಾಟ್ಯವೂ ಇತ್ತು. ಅದನ್ನು ಕಲಿಸುತ್ತಿದ್ದವಳೇ ಬೆಂಗಳೂರಿನ ಈ ಟೀಚರಮ್ಮ. ಶನಿವಾರದ ಅಭ್ಯಾಸಕ್ಕೆ ನಾನೂ ಹೋಗುತ್ತಿದ್ದೆ. ಮಕ್ಕಳ ಉಡುಪಿನ ನಿರಿಗೆ ಹಿಡಿಯುವುದು, ಕಾಗದದ ಹೂವು ಕಟ್ಟುವುದು ನನ್ನ ಕೆಲಸ.

ಇದ್ದುದನ್ನು ಇದ್ದ ಹಾಗೆ ಹೇಳಬೇಕು, ಆಕೆ ದೊಡ್ಡ ಕಲಾವಿದೆ. ಕುರ್ಚಿಯಲ್ಲಿ ಕೂತಲ್ಲೇ, ಬರೀ ಕಣ್ಣಲ್ಲಿ, ಕೃಷ್ಣನಿಗಾಗಿ ಕಾಯುವವಳನ್ನು ತೋರಿಸುತ್ತಿದ್ದಳು. ನೋಡುತ್ತ ನೋಡುತ್ತ ನನ್ನ ಕೈಯಲ್ಲಿದ್ದ ಹೂವು ಹಾಗೇ ಉಳಿಯುತ್ತಿತ್ತು. ಆ ಕಾಯುವವಳ ಅಭಿನಯವನ್ನು ಆಕೆ ಕಲಿಸಿದ್ದು ನನ್ನ ಮೊಮ್ಮಗನಿಗೆ.

"ಕಾಯೋದು ಅಂದ್ರೆ ಹೀಗೆ ಕಣೋ. ಕಣ್ಣು ಬಾಗಿಲ ಮೇಲೆ, ಕಿವಿ ಬೀದೀಲಿ. ಅವನು ಬರ್ದೇ ಇದ್ರೆ ನೀನು ಸತ್ತೇ ಹೋಗ್ತೀಯ. ನಂಗೆ ಅದು ಕಾಣ್ಬೇಕು!"

ತೋರಿಸಿದ. ಯುಗಾದಿಯ ಕಾರ್ಯಕ್ರಮದಲ್ಲಿ ನಮ್ಮ ಜನ ಕಣ್ಣೊರೆಸಿಕೊಂಡು "ಸಾಕ್ಷಾತ್ ರಾಧೆ" ಎಂದರು. ಟೀಚರಮ್ಮ ಎದೆಯುಬ್ಬಿಸಿ ಓಡಾಡಿದಳು.

ಆದರೆ ಆ ತರಗತಿಯಲ್ಲಿ ಕೂರುವುದೆಂದರೆ ನನಗೆ ಹೇಸಿಗೆಯಾಗುತ್ತಿತ್ತು. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದಳು, ಚೆನ್ನಾಗಿ ಕುಣಿಯುವವರು ಮುಂದೆ, ತಪ್ಪುವವರು ಹಿಂದೆ ಗೋಡೆಯ ಹತ್ತಿರ. ಒಬ್ಬರಿಗೊಬ್ಬರು ಹೇಳಿಕೊಡಬಾರದು. "ನೀನು ಹೇಳ್ಕೊಟ್ರೆ ನಿನ್ನ ಜಾಗ ಅವಳು ತಗೋತಾಳೆ, ಅಷ್ಟೂ ಬುದ್ಧಿ ಇಲ್ವಾ?" ದಪ್ಪಗಿದ್ದ ಒಂದು ಇಂಗ್ಲಿಷ್ ಹುಡುಗಿಯ ಸೊಂಟ ಚಿವುಟಿ, ನಗುನಗುತ್ತ ಕನ್ನಡದಲ್ಲಿ "ಈ ಎಮ್ಮೆ ನೋಡಿ ಅಮ್ಮಾ" ಅಂತ ನನಗೆ ಹೇಳುತ್ತಿದ್ದಳು. ಆ ಮಗು ಟೀಚರು ಹೊಗಳಿದರು ಅಂದುಕೊಂಡು ತಾನೂ ನಗುತ್ತಿತ್ತು. ಥೂ!

ಆ ಸಾಲನ್ನು ಲೆಕ್ಕಕ್ಕಿಡದವರು ಇಬ್ಬರೇ. ಒಬ್ಬ ನನ್ನ ಮೊಮ್ಮಗ, ಇನ್ನೊಬ್ಬ ಡಡ್ಲಿಯಿಂದ ಬರುತ್ತಿದ್ದ ಕೆಂಪು ಕೂದಲಿನ ಹುಡುಗ. ಅವನನ್ನು ನಾನು ಕೆಂಚ ಅಂತಲೇ ಕರೆಯುತ್ತಿದ್ದೆ, ಅವನೂ ಓಗೊಡುತ್ತಿದ್ದ. ಅಪ್ಪ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿ ಅಡುಗೆಯವಳು. ಶಾಲೆಯವರು ಕಡ್ಡಾಯ ಮಾಡಿದ್ದಕ್ಕೆ ಒಂದು ಟರ್ಮು ಭರತನಾಟ್ಯಕ್ಕೆ ಬಂದವನು ಅದಕ್ಕೇ ಅಂಟಿಕೊಂಡುಬಿಟ್ಟ. ಮಂಡಿ ಅರ್ಧ ಬಗ್ಗಿಸಿ ಅರಮಂಡಿಯಲ್ಲಿ ಕೂತನೆಂದರೆ ಒರಳುಕಲ್ಲು, ಅಲುಗುತ್ತಿರಲಿಲ್ಲ. ಹೆಜ್ಜೆ ಬಿದ್ದರೆ ಆ ಹಲಗೆಯ ನೆಲ ಗುಂಯ್ ಅನ್ನುತ್ತಿತ್ತು. ಟೀಚರಮ್ಮನೇ ಒಮ್ಮೆ, "ಇವನ ಕಾಲಲ್ಲಿ ನಮ್ಮೂರಿನ ಮಣ್ಣಿದೆ ಅಮ್ಮಾ" ಅಂದಿದ್ದಳು.

ಆ ವರ್ಷದ ಕೊನೆಯಲ್ಲಿ ಲಂಡನ್ನಿನ ದೊಡ್ಡ ನೃತ್ಯ ಕಾಲೇಜಿನವರು ನೋಡಲು ಬರುವವರಿದ್ದರು. ಟೀಚರಮ್ಮನ ತರಗತಿಯಿಂದ ತೆಗೆದುಕೊಳ್ಳುವುದು ಒಬ್ಬರನ್ನೇ. ಅದು ನಮ್ಮವನಿಗೋ ಕೆಂಚನಿಗೋ ಅಂತ ಎಲ್ಲರಿಗೂ ಗೊತ್ತಿತ್ತು. ಬೇರೆ ಮಕ್ಕಳಾಗಿದ್ದರೆ ಮುಖ ನೋಡುವುದು ಬಿಡುತ್ತಿದ್ದರು. ಇವರು ಹಾಗಲ್ಲ, ಇವನ ಮುದ್ರೆ ಅವನು ತಿದ್ದುತ್ತಿದ್ದ, ಅವನ ಕಣ್ಣು ಇವನು ತಿದ್ದುತ್ತಿದ್ದ.

ಅದೇ ಸಮಯದ ಒಂದು ಶನಿವಾರ... ಬಟ್ಟೆ ಬದಲಿಸುವ ಕೋಣೆಯ ಬಾಗಿಲನ್ನು ಟೀಚರಮ್ಮ ತಳ್ಳಿದಳು. ನಾನು ಚಿತ್ರಾನ್ನದ ಡಬ್ಬಿ ಹಿಡಿದು ಹಿಂದೆಯೇ ಇದ್ದೆ. ಕೆಂಚ ಮೊಮ್ಮಗನ ಕಾಲಿಗೆ ಗೆಜ್ಜೆ ಕಟ್ಟಿ ಮುಗಿಸಿ, ಪಕ್ಕದಲ್ಲೇ ಕೂತು, ಅವನ ಹೆಗಲಿಗೆ ತಲೆ ಆನಿಸಿದ್ದ. ಕೈಯಲ್ಲಿ ಕೈಯಿತ್ತು. ಅಷ್ಟೇ. ನನಗೆ ಅದು ಹೊಸದಲ್ಲ. ಒಂದೇ ಡಬ್ಬಿಯಲ್ಲಿ ತಿನ್ನುವಾಗ ಒಬ್ಬ ಕಡಲೆಬೀಜವನ್ನೆಲ್ಲ ಆರಿಸಿ ಇನ್ನೊಬ್ಬನ ಕಡೆಗೆ ಸರಿಸುವುದನ್ನು ಎಷ್ಟೋ ಸಲ ನೋಡಿದ್ದೆ. ಸಂಸಾರ ಮಾಡಿದವಳಿಗೆ ಅಷ್ಟು ಸಾಕು.

ಟೀಚರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕೊಳೆತದ್ದೇನೋ ನೋಡಿದ ಹಾಗೆ.

"ಥೂ! ಬಿಚ್ಚಿ ಗೆಜ್ಜೆ! ಇಬ್ಬರೂ ಬಿಚ್ಚಿ!"

ಎಲ್ಲ ಮಕ್ಕಳನ್ನೂ ಕರೆದು ನಿಲ್ಲಿಸಿದಳು. ಗೆಜ್ಜೆಯೆಂದರೆ ನಮ್ಮಲ್ಲಿ ಗುರು ಪೂಜೆ ಮಾಡಿ ಕೈಯಾರೆ ಕೊಡುವುದು, ಕಣ್ಣಿಗೊತ್ತಿಕೊಂಡು ಕಟ್ಟುವುದು. ಅದನ್ನು ಇವರು ಮೈಲಿಗೆ ಮಾಡಿದರಂತೆ, ಶುದ್ಧಿಯಾಗಬೇಕಂತೆ. ಅದಕ್ಕೆ ಆಕೆ ಏನು ತಂದಳು ಗೊತ್ತೇ? ಕ್ಲೀನರನ ಬೀರುವಿನಿಂದ ನೆಲ ಒರೆಸುವ ಬಕೆಟ್ಟು! ತಳದಲ್ಲಿ ಬ್ಲೀಚ್ ಇನ್ನೂ ಉಳಿದಿತ್ತು. ಅದರ ಮೇಲೇ ನೀರು ಹಿಡಿದು, ಪೂಜೆಯ ತಟ್ಟೆಯಿಂದ ಅರಿಶಿನ ಸುರಿದಳು. ನೀರು ಓಕುಳಿಯ ಹಾಗೆ ಕೆಂಪಗಾಯಿತು. ಗಬ್ಬೆಂದು ವಾಸನೆ ಎದ್ದಿತು. ಮೊಮ್ಮಗನ ಗೆಜ್ಜೆಯನ್ನು ಅದರಲ್ಲಿ ಅದ್ದಿ, ತುಟಿಯಲ್ಲೇ ಮಂತ್ರ ಹೇಳಿಕೊಳ್ಳುತ್ತ ಉಜ್ಜಿದಳು, ಉಜ್ಜಿದಳು. ನೂರು ಕಾಲುಗಳ ಕೆಸರು ಕಂಡ ಬಕೆಟ್ಟಿನಲ್ಲಿ ಮಡಿ! ಕೆಂಚನ ಗೆಜ್ಜೆಗೆ ಆ ಭಾಗ್ಯವೂ ಇಲ್ಲ. ಕಾಗದದ ಕರವಸ್ತ್ರದಲ್ಲಿ ತುದಿ ಹಿಡಿದೆತ್ತಿ ಕಸದ ಬುಟ್ಟಿಗೆ ಹಾಕಿದಳು. ಅದು ಬಿದ್ದ ಸದ್ದು... ಬೇಡ ಬಿಡಿ.

ಆಮೇಲೆ ದನಿಗೆ ಬೆಲ್ಲ ಸವರಿಕೊಂಡು ಮೊಮ್ಮಗನ ಹತ್ತಿರ ಬಂದಳು. "ನೋಡು ಪುಟ್ಟಾ, ಅವನೇ ನಿನ್ನ ಕೆಡಿಸಿದ್ದು ಅಂತ ಒಂದೇ ಒಂದು ಮಾತು ಹೇಳ್ಬಿಡು. ಅವನನ್ನ ನಾನು ತೆಗೀತೀನಿ, ಲಂಡನ್ ಸೀಟು ನಿಂದು. ಇಲ್ವಾ, ಇಬ್ಬರನ್ನೂ ಸ್ಟೇಜ್ ಹತ್ತಿಸಲ್ಲ."

ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಮೊಮ್ಮಗ ಅವತ್ತು, "ನಾನ್ ಹೇಳಲ್ಲ" ಅಂದ.

ನನಗೂ ತಡೆಯಲಾಗಲಿಲ್ಲ. "ಅಲ್ಲ ಟೀಚರಮ್ಮ, ಬಾಗಿಲ ಮೇಲೆ ಕಣ್ಣಿಡು, ಅವನು ಬರದಿದ್ರೆ ಸತ್ತೇ ಹೋಗ್ತೀಯ ಅಂತ ಈ ಹುಡುಗನಿಗೆ ಕಲಿಸಿದ್ದು ಯಾರು? ಜನರೆದುರು ರಾಧೆ ಮಾಡಿ ಮೆರೆಸಿದ್ದು ಯಾರು? ಈಗ್ಯಾಕೆ ಮೂಗು ಮುಚ್ಕೋತೀರಿ?"

"ಅದು ಅಭಿನಯ ಅಮ್ಮಾ, ಅದು ದೇವರು. ಇದು ರೋಗ."

"ರೋಗ ಇರೋದು ನಿಮ್ಮ ಬಕೆಟ್ಟಲ್ಲಿ," ಅಂದೆ.

ಕೆಂಚನಿಗೆ ನಮ್ಮ ಮಾತು ತಿಳಿಯದು. ಆದರೆ ಆಕೆಯ ಬೆರಳು ಯಾರ ಕಡೆಗಿತ್ತು ಅನ್ನುವುದು ತಿಳಿಯಿತು. ಮುಂದೆ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದ. ತಪ್ಪೆಲ್ಲ ನನ್ನದೇ, ಅವನದೇನೂ ಇಲ್ಲ, ನಾನೇ ತರಗತಿ ಬಿಡುತ್ತೇನೆ ಅಂದನಂತೆ. ಮೊಮ್ಮಗ "ಸುಳ್ಳು, ಸುಳ್ಳು" ಅಂತ ಕಿರುಚಿದ. ಟೀಚರಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ತನಗೆ ಬೇಕಾದ ಮಾತು ಯಾರ ಬಾಯಿಂದ ಬಂದರೇನು? ನಕ್ಕಳು. ಆ ನಗುವಿಗಿಂತ ಬಕೆಟ್ಟಿನ ನೀರೇ ವಾಸಿ.

ಮೊಮ್ಮಗ ಲಂಡನ್ನಿನವರೆದುರು ಕುಣಿಯುವುದಿಲ್ಲವೆಂದು ಹಟ ಹಿಡಿದ. ಕೆಂಚ ಕೊವೆಂಟ್ರಿಯ ನಮ್ಮ ಮನೆಗೇ ಬಂದು ಮೆಟ್ಟಿಲ ಮೇಲೆ ಕೂತು, "ನೀನೂ ಬಿಟ್ಟರೆ ಆ ಹೆಂಗಸು ಇಬ್ಬರನ್ನೂ ಮುಗಿಸಿದ ಹಾಗೆ" ಅಂತ ಒಪ್ಪಿಸಿದ. ಮೊಮ್ಮಗ ಕುಣಿದ. ಆ ಗೆಜ್ಜೆಯನ್ನು ಮಾತ್ರ ಮುಟ್ಟಲಿಲ್ಲ, ಬರಿಗಾಲಲ್ಲೇ ಕುಣಿದ. ಗೆಜ್ಜೆಯಿಲ್ಲದ ಭರತನಾಟ್ಯವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಲಂಡನ್ನಿನವರಿಗೆ ಏನು ತಿಳಿಯುತ್ತದೆ? ಇದೇನೋ ಹೊಸ ಬಗೆ, ಆ ಮೌನ ಎಷ್ಟು ಚೆಂದ ಅಂತ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗ ಟೀಚರಮ್ಮ ರೇಷ್ಮೆ ಸೀರೆ ಸರಬರ ಅನ್ನಿಸುತ್ತ ವೇದಿಕೆ ಹತ್ತಿ, ಮೈಕು ಹಿಡಿದು, ಗೆಜ್ಜೆ ಬಿಡಿಸಿದ್ದು ತನ್ನದೇ ಕಲ್ಪನೆ ಅಂದಳು! ಮಗಳು ಅದನ್ನು ನನ್ನ ಕಿವಿಯಲ್ಲಿ ಹೇಳಿದಳು. ಎದ್ದು ಹೊರಗೆ ಹೋದೆ. ಮತ್ತೆ ಆಕೆಯ ಮುಖ ನೋಡಲಿಲ್ಲ.

ಮನೆಯಲ್ಲೂ ಸುಲಭವಾಗಿರಲಿಲ್ಲ. ಮಗಳು ವಾರಗಟ್ಟಲೆ ಅತ್ತಳು. ಅಳಿಯ ಮಗನ ಜೊತೆ ಮಾತು ಬಿಟ್ಟ, "ಸಾರು ಬೇಕಾ ಕೇಳಿ ಅತ್ತೆ" ಅಂತ ನನ್ನ ಮೂಲಕವೇ ಎಲ್ಲ. "ನಾನೇನು ನಿಮ್ಮ ಟೆಲಿಫೋನಾ?" ಅಂತ ಒಂದು ದಿನ ಸೌಟು ಕುಕ್ಕಿದೆ. ನಿಧಾನಕ್ಕೆ ಕರಗಿದ. ಮೊಮ್ಮಗ ಲಂಡನ್ನಿಗೆ ಹೋದ, ಈಗ ಊರೂರು ತಿರುಗಿ ಕುಣಿಯುತ್ತಾನೆ. ಕೆಂಚ ಕರೆಂಟಿನ ಕೆಲಸ ಕಲಿತ. ನಾಟ್ಯದ ಮಾತು ಎತ್ತಿದರೆ ಸುಮ್ಮನೆ ನಗುತ್ತಾನೆ. ಅವನಿಗೆ ಬೇರೆ ಗುರುಗಳು ಸಿಗುತ್ತಿರಲಿಲ್ಲವೇ? ಸಿಗುತ್ತಿದ್ದರು. ಮೊಮ್ಮಗ ಎಷ್ಟೋ ಸಲ ಕರೆದ. ಕಾಲು ಏಳುವುದಿಲ್ಲ ಅಂದನಂತೆ. ಟೀಚರಮ್ಮ ತಿಂದದ್ದು ಆ ಕಾಲಿನ ಕುಣಿತವನ್ನೇ... ಆಕೆ ಸತ್ತಳೆಂದು ಕೇಳಿದಾಗಲೂ ನನಗೆ ಮರುಕ ಬರಲಿಲ್ಲ. ಅಷ್ಟು ವಿದ್ಯೆ ಇದ್ದವಳು, ಆ ಕಾಲನ್ನು ಗುರುತಿಸಿದವಳು, ತಾನೇ ಅದನ್ನು ಕಸಕ್ಕೆ ಹಾಕಿದಳಲ್ಲ ಅಂತ ಮತ್ತೆ ಹೇಸಿಗೆಯೇ ಬಂತು.

ಸಂಜೆ ನಮ್ಮ ಮನೆಯಲ್ಲೇ ಊಟ. ಮೇಜುಗಳನ್ನೆಲ್ಲ ಜೋಡಿಸಿ, ಲೆಸ್ಟರ್‌ನಿಂದ ತರಿಸಿದ ಬಾಳೆಯೆಲೆ ಹಾಸಿ, ಎಲ್ಲರೂ ಒಟ್ಟಿಗೇ ಕೂತೆವು. ಕೆಂಚನ ಅಮ್ಮ ಹೋಳಿಗೆಗೆ ಕೈಹಾಕಿ, ತುಪ್ಪ ಮೊಣಕೈವರೆಗೆ ಇಳಿಸಿಕೊಂಡು, "ಲವ್ಲಿ, ಅಜ್ಜಿ, ಲವ್ಲಿ" ಅನ್ನುತ್ತಿದ್ದಳು. ಅರ್ಧ ಊಟಕ್ಕೇ ಅಳಿಯ ಹಾಡು ಹಾಕಿದ. ಒಂದು ಕಾಲದಲ್ಲಿ ಮಗನ ಜೊತೆ ಮಾತು ಬಿಟ್ಟಿದ್ದ ಮನುಷ್ಯ ಈಗ ಬೀಗಿತ್ತಿಯ ಕೈ ಹಿಡಿದೆಳೆದು ಕುಣಿಯತೊಡಗಿದ. ಕರಡಿ ಕುಣಿದ ಹಾಗಿತ್ತು. ಮಗಳೂ ಎದ್ದಳು. ಎಲ್ಲರೂ ಕೆಂಚನನ್ನು "ಬಾ, ಬಾ" ಎಂದು ಕೂಗಿದರು.

"ನಂಗೆ ಊಟ," ಅಂದ ಅವನು, ಕಲಿತಷ್ಟು ಕನ್ನಡದಲ್ಲಿ. ಕೈಯಲ್ಲಿ ತಾಳ ತಟ್ಟಿದ. ಕಾಲು ಮಾತ್ರ ಮೇಜಿನಡಿ ಕದಲಲಿಲ್ಲ.

ಆಮೇಲೆ ಮೊಮ್ಮಗನನ್ನು ಕರೆದರು. ಕುಣಿತವೇ ಕಸುಬಾದವನು ಅವನು, ದೇಶ ದೇಶ ಸುತ್ತಿ ಕುಣಿದವನು. ಅವನೂ ಏಳಲಿಲ್ಲ. ಕುರ್ಚಿಯನ್ನು ಕೆಂಚನ ಹತ್ತಿರಕ್ಕೆ ಎಳೆದುಕೊಂಡು ಅನ್ನ ಕಲಸತೊಡಗಿದ. ಮನೆಯೆಲ್ಲ ಕುಣಿಯುತ್ತಿತ್ತು, ಮದುಮಕ್ಕಳಿಬ್ಬರು ಮಾತ್ರ ಕೂತು ಉಣ್ಣುತ್ತಿದ್ದರು. ನಾನು ಪಾಯಸದ ಪಾತ್ರೆ ತಂದು ಇಬ್ಬರಿಗೂ ಸಾಕುಸಾಕೆನ್ನುವಷ್ಟು ಬಡಿಸಿದೆ.