ಕಲ್ಲು ತಂದ ವರ

ಹೆಣ್ಣು ನೋಡಲು ಬರುವವನು ಹೂವು ತರಲಿ, ಹಣ್ಣು ತರಲಿ. ಕುರುಗೋಡಿನಿಂದ ಸಿರುಗುಪ್ಪದ ನಮ್ಮ ಮನೆಗೆ ಬಂದ ವರ ಜೇಬಿನಲ್ಲಿ ಕಲ್ಲು ತಂದಿದ್ದ! ಸ್ವಾತಂತ್ರ್ಯ ಬಂದ ಹೊಸತು. ಅವನು ಮದರಾಸಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ. ನನಗೆ ಬಳ್ಳಾರಿಯಲ್ಲಿ ಟೀಚರ್ ಟ್ರೈನಿಂಗ್ ಮಾಡುವ ಹಂಬಲ. ಓದಿಸುವ ಗಂಡ ಸಿಕ್ಕರೆ ಮಾತ್ರ ಅದು ಆಗುವ ಮಾತು. "ನಾನೂ ಓದಾಕ ಹತ್ತೀನಿ, ಆಕೀನೂ ಓದಲಿ" ಎಂದು ಅವನು ಮೊದಲೇ ಹೇಳಿಕಳಿಸಿದ್ದ. ಅಷ್ಟಕ್ಕೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ.

ಅಕ್ಕಿ ಗಿರಣಿ ನಡೆಸುತ್ತಿದ್ದ ಅಪ್ಪ, ಏನು ಓದುತ್ತೀರಿ ಎಂದು ಕೇಳಿದ್ದೇ ತಡ, ಉಪ್ಪಿಟ್ಟಿನ ತಟ್ಟೆಯ ಪಕ್ಕ ಕರಿಯ ಸೂಜಿಗಲ್ಲು ಬಂದು ಕೂತಿತು. "ಇಂಥಾ ಕಲ್ಲು, ಕರೆಂಟು, ಇದನ್ನರಿ" ಎಂದ ವರ.

"ಇದರಾಗ ಕರೆಂಟ್ ಹರೀತೈತೇನ್ರಿ?" ಎಂದ ಅಪ್ಪ.

"ಹರೀತೈತ್ರಿ. ಆದ್ರ ಭಾಳ ತಣ್ಣಗ ಮಾಡಿದ್ರ ಒಮ್ಮಿಗೇ ನಿಂತಂಗ ಆಗ್ತೈತ್ರಿ. ಅದರ ಮುಂದ ಐಸೂ ಬಿಸಿ."

"ನಮ್ಮ ಕಡಿ ಅಷ್ಟು ಥಂಡಿ ಯಾವಾಗ ಬಿದ್ದೈತಿ? ಹರೀತೈತಿ ಅನ್ರಿ, ಮುಗೀತು."

'ಹೂಂ' ಅನ್ನಬಾರದೇ, ಪುಣ್ಯಾತ್ಮ! ಬಾಗಿಲ ಹಿಂದೆ ನಾನು ಸೆರಗು ಹಿಂಡುತ್ತಿದ್ದೆ. ಅವನು ಪಾಠಕ್ಕೇ ನಿಂತ.

"ಬಳ್ಳಾರಿ ಬ್ರೂಸ್‌ಪೇಟಿ ಓಣ್ಯಾಗ ಜನ ಸರಿದಾಡ್ತಾರಲ್ರಿ, ಅವರೆಲ್ಲಾ ತಂತಮ್ಮ ಜಾಗದಾಗ ಕಾಲೂರಿ ನಿಂತ್ರ? ಜನಾ ಅಷ್ಟೇ, ಓಣೀನೂ ಅಷ್ಟೇ, ಆದ್ರ ಒಬ್ರೂ ಮುಂದ ಹೋಗಂಗಿಲ್ಲ. ಕಲ್ಲಿನೊಳಗಿನ ಎಲೆಕ್ಟ್ರಾನೂ ಹಂಗ ಅಂತಾರ್ರಿ. ಯಾಕ ಅನ್ನೂದು ನನಗೂ ಪೂರ್ತಿ ಗೊತ್ತಿಲ್ಲ."

"ಹಂಗಾರ ಇದು ಲೋಹದಂಗೋ, ಅಲ್ಲೋ?"

"ಒಮ್ಮೆ ಹೌದು, ಒಮ್ಮೆ ಅಲ್ರಿ."

ನನಗೆ ಅರ್ಥವಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಗೊತ್ತಿಲ್ಲ ಎನ್ನುವುದಕ್ಕೆ ಅವನಿಗೆ ಬೇರೆ ದಿನ, ಬೇರೆ ಮನೆ ಸಿಗಲಿಲ್ಲವೇ?

ವರನ ಕಡೆಯವರು ಹೋದ ಮೇಲೆ ಅಪ್ಪ, "ಒಂದು ಕಲ್ಲಿನ ವಿಷಯದಾಗ ಒಂದು ಮಾತಿನ ಮ್ಯಾಲೆ ನಿಲ್ಲದವ, ನನ್ನ ಮಗಳಿಗೆ ಏನು ಮಾತು ಕೊಟ್ಟಾನು?" ಎಂದ. ಭತ್ತ ಕೊಳ್ಳುವಾಗ ತಾನು ಎಷ್ಟು ಸಲ ಮಾತು ಬದಲಿಸುತ್ತಿದ್ದ ಎಂಬುದು ಊರಿಗೆಲ್ಲ ಗೊತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸಂಬಂಧ ಮುರಿಯಿತು.

ಮುಂದಿನ ವರ ಬಳ್ಳಾರಿಯ ಬಟ್ಟೆ ವ್ಯಾಪಾರಿ.

"ನಮ್ಮ ಹುಡುಗೀನ ಓದಸ್ತೀರೇನ್ರಿ?"

"ಹೂಂ ರಿ."

ಅಪ್ಪನಿಗೆ ಹಾಲು ಕುಡಿದಷ್ಟು ಸಂತೋಷ. ನಾನೂ ನಂಬಿದೆ.

ಮದುವೆಯಾಗಿ ಹೋದ ವಾರದಲ್ಲೇ ಅತ್ತೆ, "ಸೊಸಿ ಸಾಲಿಗೆ ಹೋಗೂದು ಬ್ಯಾಡ" ಎಂದರು.

"ಹೂಂ ಅವ್ವಾ" ಎಂದರು ನನ್ನವರು, ಅದೇ ದನಿಯಲ್ಲಿ.

ಟ್ರೈನಿಂಗ್ ಸ್ಕೂಲು ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ದಿನಾ ಅದರ ಗಂಟೆ ಹೊಡೆಯುವ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ.