ಕೈಯಲ್ಲಿ ಬರೀ ಕಡ್ಡಿ

ಪಕ್ಕವಾದ್ಯದ ಪಿಟೀಲುಗಾರನ ಕೆಲಸವೇ ಹಿಂದೆ ಹೋಗುವುದು. ಹಾಡುವವರು ಹೋದಲ್ಲಿಗೆ ಹೋಗಬೇಕು, ಅವರು ತಡವರಿಸಿದಲ್ಲಿ ತುಂಬಿಕೊಡಬೇಕು. ಡೊಂಬಿವಲಿಯ ಭಜನಾ ಮಂದಿರದಿಂದ ಠಾಣೆ ಶಹರದ ದೊಡ್ಡ ಸಭಾಗೃಹದವರೆಗೆ ನನ್ನ ಹೆಂಡತಿಯ ಹಾಡಿಗೆ ನಾನೇ ಪಿಟೀಲು. ತಾರಸ್ಥಾಯಿಯಲ್ಲಿ ಅವಳ ಗಂಟಲು ಹಿಡಿಯುವುದುಂಟು. ಹಿಡಿಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಕಮಾನನ್ನು ಒಂದಿಷ್ಟು ಒತ್ತಿ ಆ ಜಾಗ ದಾಟಿಸಿಬಿಡುತ್ತಿದ್ದೆ. ಸಭೆಗೆ ತಿಳಿಯುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅವಳು ಒಂದು ಲೋಟ ಕಾಫಿ ಹೆಚ್ಚಿಗೆ ಕೊಡುತ್ತಿದ್ದಳು, ಅದೇ ನನ್ನ ಸಂಭಾವನೆ.

ಆಮೇಲೆ ಕುತ್ತಿಗೆಯ ನರ ಒತ್ತಿ ಎಡಗೈಯ ಎರಡು ಬೆರಳು ಮರಗಟ್ಟಿದವು. ತಂತಿ ಎಲ್ಲಿದೆ ಎಂದೇ ಅವಕ್ಕೆ ತಿಳಿಯದು. ಕಲ್ಯಾಣದ ಡಾಕ್ಟರು ವಯಸ್ಸಾಯಿತಲ್ಲ ಎಂದರು. ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದು?

ಐರೋಲಿಯ ಐಟಿ ಕಂಪನಿಗಳಲ್ಲಿ ದುಡಿದು ಭಾನುವಾರ ಪಿಟೀಲು, ಅದರ ದೊಡ್ಡಣ್ಣನಂಥ ಚೆಲ್ಲೊ, ಕೊಳಲು ಹಿಡಿಯುವ ಹುಡುಗರ ಒಂದು ವಾದ್ಯವೃಂದವಿತ್ತು. ಮುಂದೆ ನಿಂತು ಕಡ್ಡಿ ಆಡಿಸಿ ನಡೆಸುವ ಕಂಡಕ್ಟರ್ ಅವರಿಗೆ ಬೇಕಿತ್ತು. ಅಳಿದೂರಿಗೆ ಉಳಿದವನೇ ಗೌಡ, ನನ್ನನ್ನು ಕರೆದರು. ಸಂಗೀತದಿಂದ ಪೂರ್ತಿ ಹೊರಬೀಳುವುದಕ್ಕಿಂತ ಇದಾದರೂ ಇರಲಿ ಎಂದು ಒಪ್ಪಿದೆ. ಮೊದಲ ದಿನವೇ ಎಡವಟ್ಟು. ಅವರು ನನ್ನ ಕೈ ನೋಡಿ ಕಾಯುತ್ತಿದ್ದರು, ನಾನು ಅಭ್ಯಾಸಬಲದಿಂದ ಅವರ ನಾದ ಕೇಳಿ ಹಿಂದೆ ಹೋಗುತ್ತಿದ್ದೆ. ಒಬ್ಬರನ್ನೊಬ್ಬರು ಕಾದು ಕಾದು ವಾದನ ನಿಂತೇ ಹೋಯಿತು. ಮನೆಯಲ್ಲಿ ತುಳು ಆಡುವ ಚೆಲ್ಲೊ ಹುಡುಗಿ, ಮೊದಲು ನಿಮ್ಮ ಕೈ ಏಳಬೇಕು ಸರ್ ಎಂದು ಹಿಂದಿಯಲ್ಲಿ ತಿಳಿಸಿದಳು. ಕಷ್ಟಪಟ್ಟು ಕಲಿತೆ.

ಕಳೆದ ಚಳಿಗಾಲದ ಕಾರ್ಯಕ್ರಮಕ್ಕೆ ನನ್ನ ಹೆಂಡತಿಯನ್ನೇ ಹಾಡಲು ಕರೆದರು. ಪಕ್ಕದಲ್ಲಿ ನೀವಿಲ್ಲದೆ ಹೇಗೆ ಎಂದಳು. ಎದುರಿಗೇ ಇರುತ್ತೇನಲ್ಲ ಎಂದೆ.

ಎರಡನೇ ಹಾಡಿನಲ್ಲಿ ಅವಳು ಮೇಲೇರುವಾಗಲೇ ನನಗೆ ತಿಳಿಯಿತು, ಗಂಟಲು ಹಿಡಿಯುತ್ತದೆ ಎಂದು. ಹಿಡಿಯಿತು. ಮೊದಲ ಸಾಲಿನ ಪಿಟೀಲಿನ ಹುಡುಗನನ್ನು ಕಣ್ಣಲ್ಲೇ ಬೇಡಿದೆ. ಅವನ ಮುಂದಿದ್ದ ಸ್ವರದ ಹಾಳೆಯಲ್ಲಿ ಪಿಟೀಲಿಗೆ ಅಲ್ಲಿ ಬಿಡುವು. ಕಮಾನು ಮಡಿಲಲ್ಲಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದ. ತಪ್ಪು ಅವನದಲ್ಲ. ನನ್ನ ಬಲಗೈ ಕಡ್ಡಿ ಆಡಿಸುತ್ತಲೇ ಇತ್ತು. ಎಡಗೈಯ ಬೆರಳುಗಳು, ಆ ಸತ್ತ ಎರಡೂ ಸೇರಿ, ಗಾಳಿಯಲ್ಲಿ ತಂತಿ ಹುಡುಕುತ್ತಿದ್ದವು. ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಇಡೀ ಸಭೆಗೆ ಅವಳ ಕೆಮ್ಮು ಕೇಳಿಸಿತು.

ಜನ ಒಳ್ಳೆಯವರು, ಚಪ್ಪಾಳೆ ತಟ್ಟಿದರು. ಮನೆಗೆ ವಾಪಸಾಗುವ ಗಾಡಿಯಲ್ಲಿ ಅವಳು ನನ್ನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನೀವು ಬಾರಿಸ್ತೀರಿ ಅಂತ ಕಾದದ್ದು ನಾನು," ಎಂದಳು. "ನಿಮ್ಮ ಬೆರಳು ಹೋದದ್ದೇ ಮರ್ತುಹೋಯ್ತು ಮಾರಾಯ್ರೆ."

ನಾನೂ ನನ್ನ ಪಿಟೀಲಿಗೇ ಕಾದಿದ್ದೆ.