ಕಥೆಗೆ ತಾಯಿಯನ್ನು ಸೇರಿಸಿದವಳು

ಹನ್ನೊಂದು ಮಕ್ಕಳು ಒಂದೇ ತಪ್ಪು ಬರೆದರೆ ಯಾರಾದರೂ ಏನೆಂದುಕೊಳ್ಳುತ್ತಾರೆ? ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆ ಎಂದುಕೊಳ್ಳುತ್ತಾರೆ. ಚರ್ಚಿನ ಅಯ್ಯನವರೂ ಮೊದಲು ಹಾಗೇ ಅಂದುಕೊಂಡರು. ಆಮೇಲೆ ಸಂಡೇ ಸ್ಕೂಲಿನ ಪರೀಕ್ಷೆಯ ದಿನ ಬೆಂಚಿಗೊಬ್ಬರಂತೆ ಕೂರಿಸಿದ್ದು ತಾವೇ ಎಂದು ನೆನಪಾಗಿ, ಟೈಲರಕ್ಕನಿಗೆ ಹೇಳಿ ಕಳಿಸಿದರು.

ಟೈಲರಕ್ಕ ಎಂದರೆ ಬೀದಿಗೆಲ್ಲ ಗೊತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಮಿಷನ್ನು, ಒಂದು ಉದ್ದ ಮೇಜು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಶಾಲೆಯ ಸಮವಸ್ತ್ರಗಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡವರಿಗೆ, "ಉಸಿರು ಬಿಡ್ರೀ, ನಿಮ್ಮ ಹೊಟ್ಟೆ ನಂಗೇನು ಹೊಸದಾ?" ಎಂದು ಗದರುತ್ತಿದ್ದಳು. ಆದರೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳ ನಡುವೆ ಕೂತಳೆಂದರೆ ಅವಳೇ ಬೇರೆ. ಇಪ್ಪತ್ತಾರು ವರ್ಷ ಸಂಡೇ ಸ್ಕೂಲು ನಡೆಸಿದ್ದಳು. ಪಾಠ ಮಾಡಿದವಳಲ್ಲ, ಬರೀ ಕಥೆ ಹೇಳಿದವಳು.

ಹೇಳುವುದೆಂದರೆ ಇದ್ದದ್ದನ್ನು ಇದ್ದಹಾಗೆ ಹೇಳುವ ಪೈಕಿಯೂ ಅಲ್ಲ. ಮೀನಿನ ಹೊಟ್ಟೆ ಸೇರಿದ ಯೋನನಿಗೆ ಅಲ್ಲಿ ಶೀತವಾಗಿ ಮೂರು ದಿನವೂ ಸೀನು. ನೋಹನ ನಾವೆಯಲ್ಲಿ ಜಿರಾಫೆಗೆ ಕತ್ತು ಹಿಡಿದುಕೊಂಡು, ನೋಹನ ಹೆಂಡತಿ ರಾತ್ರಿಯೆಲ್ಲ ಎಣ್ಣೆ ತಿಕ್ಕಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ಮರೆಯುತ್ತಿರಲಿಲ್ಲ. ಮಕ್ಕಳ ಮನಸ್ಸಿಗೆ ದೇವರು ಹೋಗುವುದಾದರೆ ಅಂಥ ಸಣ್ಣಪುಟ್ಟ ಸಂದಿಯಿಂದಲೇ ಹೋಗಬೇಕು ಎಂಬುದು ಅವಳ ಲೆಕ್ಕ. ಹಿಂದಿದ್ದ ಮುದಿ ಅಯ್ಯನವರು ಕಂಡೂ ಕಾಣದ ಹಾಗೆ ಇದ್ದರು. ಈಗ ಬಂದವರು ಚಿಕ್ಕ ವಯಸ್ಸಿನವರು, ಓದಿಕೊಂಡವರು, ಎಲ್ಲವೂ ಒಪ್ಪವಾಗಿರಬೇಕು ಎನ್ನುವವರು. ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಸುಲಭವಾಗುತ್ತಿತ್ತು.

ಟೈಲರಕ್ಕ ಬಂದಾಗ ಅವರು ಉತ್ತರಪತ್ರಿಕೆಗಳನ್ನು ತಮ್ಮ ಮೇಜಿನ ಮೇಲೆ ಹರಡಿದರು. ಮನೆ ಬಿಟ್ಟು ಹೋಗಿ ಎಲ್ಲ ಕಳೆದುಕೊಂಡು ಹಿಂತಿರುಗಿದ ಕಿರಿಯ ಮಗನ ಕಥೆ. ನಾಲ್ಕನೇ ಪ್ರಶ್ನೆ: ಹಿಂದಿರುಗಿ ಬರುತ್ತಿದ್ದ ಮಗನನ್ನು ಮೊದಲು ಕಂಡವರು ಯಾರು? ಹನ್ನೊಂದು ಮಕ್ಕಳೂ ಬರೆದದ್ದು ಒಂದೇ: ಅವನ ತಾಯಿ, ಅಡುಗೆಮನೆಯ ಕಿಟಕಿಯಿಂದ. ಒಬ್ಬಳಂತೂ, ತಾಯಿ ಒಲೆಯ ಮೇಲಿನ ಪಾತ್ರೆಗೆ ಇನ್ನೊಂದು ಲೋಟ ನೀರು ಹೊಯ್ದು, ಹಿಂಬಾಗಿಲ ಚಿಲಕ ತೆಗೆದಳು ಎಂದು ಅರ್ಧ ಪುಟ ಬರೆದಿದ್ದಳು. ಪತ್ರಿಕೆ ತಿದ್ದಿದವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಸುತ್ತಿದ್ದರು.

"ಅಕ್ಕಾ, ಈ ಕಥೇಲಿ ತಾಯಿ ಎಲ್ಲಿದ್ದಾಳೆ?"

"ಮನೇಲಿದ್ದಾಳೆ. ಇನ್ನೆಲ್ಲಿರ್ತಾಳೆ?"

"ಯೇಸುಸ್ವಾಮಿ ಹೇಳಿದ ಕಥೆ ಇದು. ಅವರು ತಾಯಿ ಸುದ್ದಿನೇ ಎತ್ತಿಲ್ಲ. ಅಪ್ಪ ದೂರದಿಂದ ನೋಡ್ದ, ಓಡಿ ಹೋದ, ತಬ್ಬಿಕೊಂಡ. ಇಡೀ ಕಥೆ ನಿಂತಿರೋದೇ ಅದರ ಮೇಲೆ. ನಿಮ್ಮ ಮಕ್ಕಳ ಪತ್ರಿಕೆಲಿ ಅಪ್ಪ ಓಡೋದೇ ಇಲ್ಲ. ಒಬ್ಬರೂ ಬರೆದಿಲ್ಲ, ನೋಡಿ."

ಟೈಲರಕ್ಕ ನೋಡಿದಳು. ನಿಜ, ಒಬ್ಬರೂ ಬರೆದಿರಲಿಲ್ಲ. ಅವಳು ಹೇಳಿದ್ದರೆ ತಾನೇ ಬರೆಯುವುದು?

"ಬರೋ ಭಾನುವಾರ ಅದೇ ಕಥೆ ಮತ್ತೆ ಮಾಡಿ. ಬರೆದಿರೋ ಹಾಗೆ ಓದಿ ಹೇಳಿ. ನಾನೂ ಬಂದು ಕೂರ್ತೀನಿ. ಚರ್ಚ್ ಕಮಿಟಿಯವರು ಆಗಲೇ ಇದೇನು ಕಾಗಕ್ಕ ಗುಬ್ಬಕ್ಕನ ಕಥೆ ಅಂತ ಕೇಳ್ತಿದ್ದಾರೆ. ಸರಿಹೋಗಲಿಲ್ಲ ಅಂದ್ರೆ ಕ್ಲಾಸನ್ನ ಬೇರೆಯವರಿಗೆ ಕೊಡಬೇಕಾಗುತ್ತೆ."

ಆ ವಾರ ಅವಳ ತಲೆ ಕೆಟ್ಟು ಹೋಯಿತು. ಎರಡು ಅಂಗಿಗೆ ಎಡಗೈ ತೋಳನ್ನೇ ಎರಡೂ ಕಡೆ ಹಚ್ಚಿದಳು. ಬಿಚ್ಚಿ ಮತ್ತೆ ಹೊಲಿಯುತ್ತಾ ಕಥೆಯನ್ನು ಬಾಯಿಪಾಠ ಮಾಡಿದಳು. ಮಗ ಹೊಟ್ಟೆಪಾಡಿಗೆ ಹಂದಿ ಕಾಯುವವರೆಗೆ ಸಲೀಸು. ಎದ್ದು ಮನೆಯ ದಾರಿ ಹಿಡಿಯುವವರೆಗೂ ಸಲೀಸು. ಅಪ್ಪ ಓಡಿ ಬಂದ ಎನ್ನುವಲ್ಲಿಗೆ ಬಂದರೆ ನಾಲಿಗೆ ಹೊರಳುತ್ತಿರಲಿಲ್ಲ.

ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ ಅವಳು ಒಬ್ಬ ಫೋಟೋಗ್ರಾಫರನ ಹಿಂದೆ ಮನೆ ಬಿಟ್ಟು ಹೋಗಿದ್ದಳು. ಎಂಟೇ ತಿಂಗಳಿಗೆ ಅವನು ಕೈಬಿಟ್ಟ. ಒಂದು ಚೀಲ ಹಿಡಿದು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಳು. ಬಡಗಿ ಕೆಲಸದ ಅಪ್ಪ ಅಂಗಳದಲ್ಲಿ ಹಲಗೆ ಕೊಯ್ಯುತ್ತಿದ್ದ. ಗರಗಸ ನಿಂತಿತು. ತಲೆಯೆತ್ತಿ ಅವಳನ್ನು ನೋಡಿದ. ಹತ್ತು ಹೆಜ್ಜೆಯೂ ಇರಲಿಲ್ಲ ನಡುವೆ. ಆಮೇಲೆ ತಲೆ ತಗ್ಗಿಸಿದ, ಗರಗಸ ಮತ್ತೆ ಶುರುವಾಯಿತು. ಗೇಟಿನ ಬಳಿ ಎಷ್ಟು ಹೊತ್ತು ನಿಂತಿದ್ದಳೋ, ಕೊನೆಗೆ ಮನೆ ಸುತ್ತಿಕೊಂಡು ಹಿಂದಕ್ಕೆ ಹೋದಳು. ಅಷ್ಟರಲ್ಲಿ ಅಮ್ಮ ಹಿಂಬಾಗಿಲು ತೆಗೆದು ನಿಂತಿದ್ದಳು.

ಅಮ್ಮ ಸತ್ತು ಹದಿನಾಲ್ಕು ವರ್ಷ. ಅಪ್ಪನಿಗೆ ಈಗ ಎಂಬತ್ತನಾಲ್ಕು, ಅವಳ ಜೊತೆಯಲ್ಲೇ ಇದ್ದಾನೆ. ಬೆಳಗ್ಗೆ ಚಹಾ, ಎರಡು ಹೊತ್ತು ಊಟ, ಮೂರು ಹೊತ್ತು ಮಾತ್ರೆ, ಎಲ್ಲ ಅವಳೇ. ಆ ಮಧ್ಯಾಹ್ನದ ಬಗ್ಗೆ ಮೂವತ್ತೆರಡು ವರ್ಷದಲ್ಲಿ ಅವನೂ ಬಾಯಿ ಬಿಟ್ಟಿಲ್ಲ, ಅವಳೂ ಕೇಳಿಲ್ಲ.

ಭಾನುವಾರ ಬಂತು. ಅಯ್ಯನವರು ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು. ಟೈಲರಕ್ಕ ಪುಸ್ತಕ ತೆರೆದು ಓದತೊಡಗಿದಳು. ಅವಳು ಓದುವುದನ್ನು ಕಂಡೇ ಅರಿಯದ ಮಕ್ಕಳು ಮುಖ ಮುಖ ನೋಡಿಕೊಂಡರು. ಮಗ ಮನೆಯ ದಾರಿ ಹಿಡಿದ. ಅಪ್ಪ ದೂರದಿಂದ ಕಂಡ.

"ಅಕ್ಕಾ, ಅಮ್ಮ ನೋಡಿದ್ದಲ್ವಾ?" ಅರ್ಧ ಪುಟ ಬರೆದಿದ್ದ ಹುಡುಗಿ ಕೇಳಿದಳು.

"ಇದ್ರಲ್ಲಿ ಅಮ್ಮ ಇಲ್ಲ."

"ಸತ್ತೋದ್ಲಾ?"

"ಬರೆದಿಲ್ಲ."

"ಬರೆದಿಲ್ಲ ಅಂದ್ರೆ ಇಲ್ಲ ಅಂತಾನಾ? ಇದ್ರಲ್ಲಿ ಒಲೆನೂ ಬರೆದಿಲ್ಲ. ಹಂಗಾದ್ರೆ ಅಡುಗೆ ಹೆಂಗಾಯ್ತು?"

ಬೇರೆ ದಿನವಾಗಿದ್ದರೆ ಟೈಲರಕ್ಕ ಆ ಹುಡುಗಿಯನ್ನು ಎತ್ತಿ ಮುದ್ದಾಡುತ್ತಿದ್ದಳು. ಇವತ್ತು, "ಬಾಯಿ ಮುಚ್ಕೊಂಡು ಕೇಳು" ಎಂದು ಗದರಿಬಿಟ್ಟಳು. ಹುಡುಗಿಯ ಮುಖ ಸಪ್ಪಗಾಯಿತು. ಇನ್ನೊಬ್ಬ ಮೆಲ್ಲಗೆ ಕೇಳಿದ: "ಹೋಗ್ಲಿ ಅಕ್ಕಾ, ಅಪ್ಪ ಯಾಕೆ ಓಡ್ದ? ಸಿಟ್ಟು ಬಂದಿರ್ಲಿಲ್ವಾ?"

ಇಪ್ಪತ್ತಾರು ವರ್ಷದಲ್ಲಿ ಮಕ್ಕಳ ಪ್ರಶ್ನೆಗೆ ಅವಳು ತಡವರಿಸಿದ್ದೇ ಇಲ್ಲ. ಈಗ ಪುಸ್ತಕ ಮುಚ್ಚಿದಳು.

"ನಂಗೊತ್ತಿಲ್ಲ."

ಅಯ್ಯನವರು ಮಕ್ಕಳನ್ನು ಹೊರಗೆ ಆಟಕ್ಕೆ ಕಳಿಸಿದರು. "ಏನಕ್ಕಾ ಇದು? ಇದೇ ಅಲ್ವಾ ನಮ್ಮ ನಂಬಿಕೆಯ ತಿರುಳು? ನೀವು ಇದನ್ನ ನಂಬಲ್ವಾ?"

"ನಂಬ್ತೀನಿ ಅಯ್ಯನವರೇ. ನಂಬೋದ್ರಿಂದ್ಲೇ ಇಷ್ಟು ಸಿಟ್ಟು. ನಂಬದೇ ಇದ್ದಿದ್ರೆ ಅಪ್ಪಂದಿರು ಇರೋದೇ ಹೀಗೆ ಅಂದ್ಕೊಂಡು ನೆಮ್ಮದಿಯಾಗಿ ಬಟ್ಟೆ ಹೊಲ್ಕೊಂಡು ಇರ್ತಿದ್ದೆ. ನಿಮ್ಮ ಈ ಕಥೆ ಕೇಳಿದ ಮೇಲೇ ಗೊತ್ತಾಗಿದ್ದು, ಓಡೋ ಅಪ್ಪಂದಿರೂ ಇರಬಹುದು ಅಂತ."

ಅಯ್ಯನವರು ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಕ್ಕಾ, ಕ್ಲಾಸನ್ನ ಕಮಿಟಿ ಕಾರ್ಯದರ್ಶಿಯವರ ಮನೆಯವರು ನೋಡ್ಕೋತಾರೆ" ಎಂದರು. ಅಂದರೆ ಕ್ಲಾಸು ಹೋಯಿತು ಎಂದೇ ಅರ್ಥ. ಮೆತ್ತಗೆ ಹೇಳಿದರೂ ಹೋದದ್ದು ಹೋದದ್ದೇ.

ಮನೆಗೆ ಬಂದಾಗ ಅಪ್ಪ ಅಂಗಡಿಯ ಕೋಣೆಯಲ್ಲಿ ಕುಳಿತು ಚಹಾಕ್ಕೆ ಕಾಯುತ್ತಿದ್ದ. ಅವಳು ಅಡುಗೆಮನೆಗೆ ಹೋಗಲಿಲ್ಲ. ಚೀಲವನ್ನು ಮೇಜಿನ ಮೇಲೆ ಬಿಸಾಕಿ, ಸ್ಟೂಲು ಎಳೆದುಕೊಂಡು ಅವನ ಎದುರಿಗೇ ಕುಳಿತಳು.

"ಅಪ್ಪಾ, ಒಂದು ಕಥೆ ಹೇಳ್ತೀನಿ, ಕೇಳು. ಒಬ್ಬ ಅಪ್ಪಂಗೆ ಒಬ್ಬ ಮಗಳಿದ್ಲು. ತಪ್ಪು ಮಾಡಿ ಮನೆ ಬಿಟ್ಟು ಹೋದ್ಲು. ಬುದ್ಧಿ ಬಂದ್ಮೇಲೆ ವಾಪಸ್ ಬಂದ್ಲು. ಅಪ್ಪ ಹಲಗೆ ಕೊಯ್ತಿದ್ದ. ಅವಳನ್ನ ನೋಡ್ದ."

ಮುದುಕ, "ಆಮೇಲೆ?" ಎಂದ.

"ಆಮೇಲೇನಾಯ್ತು ಅಂತ ನೀನು ಹೇಳು. ನಂಗೆ ಇಲ್ಲಿವರೆಗೇ ಗೊತ್ತಿರೋದು."

"ಎದ್ದೆ" ಎಂದ ಅಪ್ಪ. "ಎರಡು ಸಲ ಗರಗಸ ಎಳೆದೆ, ಆಗಲಿಲ್ಲ. ಎದ್ದು ಗೇಟಿನ ತನಕ ಬಂದೆ. ನೀನಿರಲಿಲ್ಲ. ಹಿಂದಕ್ಕೆ ಹೋಗ್ಬಿಟ್ಟಿದ್ದೆ. ಒಳಗೆ ಬರೋಣ ಅಂದ್ರೆ ನೀವಿಬ್ರೂ ಅಳ್ತಾ ಇದ್ರಿ. ನಾನು ಯಾವ ಮುಖ ಇಟ್ಕೊಂಡು ಬರ್ಲಿ?"

ಟೈಲರಕ್ಕ ಅವನನ್ನೇ ನೋಡಿದಳು. ಆ ಮಧ್ಯಾಹ್ನವೆಲ್ಲ ಗರಗಸದ ಸದ್ದು ಕೇಳಿಸುತ್ತಿತ್ತು ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು. ಈಗ ಎಷ್ಟು ಕೆದಕಿದರೂ, ಅಮ್ಮನ ಅಳುವಿನ ನಡುವೆ ಅದು ಕೇಳಿಸಿತ್ತೋ ಇಲ್ಲವೋ ಎಂದು ಖಾತ್ರಿಯಾಗಲಿಲ್ಲ. ಅಪ್ಪ ನಡೆದದ್ದನ್ನೇ ಹೇಳುತ್ತಿದ್ದಾನೋ, ಮೂವತ್ತೆರಡು ವರ್ಷ ಒಬ್ಬನೇ ಕೂತು ತನಗೆ ಬೇಕಾದ ಹಾಗೆ ಕಥೆ ಕಟ್ಟಿಕೊಂಡಿದ್ದಾನೋ ತಿಳಿಯಲಿಲ್ಲ. ನಂಬಬೇಕೆಂದು ಜೀವ ಹಾತೊರೆಯಿತು. ಹಾತೊರೆದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಹಿಂದುಗಡೆಗೆ ಇನ್ನು ಹತ್ತು ಹೆಜ್ಜೆ ಇತ್ತಲ್ಲಪ್ಪಾ!" ಎಂದು ಕಿರುಚಿದಳು. "ಹತ್ತೇ ಹತ್ತು ಹೆಜ್ಜೆ! ಬರೋಕೇನಾಗಿತ್ತು ನಿಂಗೆ?"

ಅಪ್ಪ ಕುರ್ಚಿಯ ಎರಡೂ ಕೈ ಹಿಡಿದು ಏಳಲು ನೋಡಿದ. ಎಂಬತ್ತನಾಲ್ಕರ ಮೊಣಕಾಲು, ಮೊದಲ ಸಲ ಕುಸಿದು ಕೂತ. ಮತ್ತೆ ಹಿಡಿದುಕೊಂಡು ಎದ್ದ. ಅವಳು ಸಹಾಯಕ್ಕೆ ಕೈ ಕೊಡಲಿಲ್ಲ. ಸ್ಟೂಲಿನ ಮೇಲೇ ಕುಳಿತು, ಕಣ್ಣೀರು ಒರೆಸಿಕೊಳ್ಳದೆ, ಅವನು ಬರುವುದನ್ನು ನೋಡಿದಳು.